ತ್ರೋಫಿಮ್ ಯುಗಾಯ್ ನಾಯಿ ತಂದದ್ದು

ಕಜಾಕ್ ಸೀಮೆಯ ಉಷ್ತೋಬೆ ಊರಿನ ರೈಲ್ವೆ ಗೇಟು ದಾಟಿ ಕರಾತಾಲ್ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ಯುಗಾಯ್ ಮನೆ ಯಾವುದು ಎಂದು ಕೇಳಿದರೆ, "ಈರುಳ್ಳಿ ಯುಗಾಯಾ?" ಎಂದು ಮರುಪ್ರಶ್ನೆ ಬರುತ್ತಿತ್ತು. ತ್ರೋಫಿಮ್ ಸೆರ್ಗೇವಿಚ್ ಯುಗಾಯ್ ಐವತ್ತು ವರ್ಷ ಈರುಳ್ಳಿ ಬೆಳೆದವನು. ಆ ಕಡೆಯ ಕೊರಿಯನ್ನರ ವಾಡಿಕೆಯಂತೆ ಮಾರ್ಚಿನಲ್ಲಿ ಎಲ್ಲಿಯಾದರೂ ದೂರದಲ್ಲಿ ಹೊಲ ಗುತ್ತಿಗೆ ಹಿಡಿದು, ಅಲ್ಲೇ ಗುಡಿಸಲು ಹಾಕಿಕೊಂಡು, ಅಕ್ಟೋಬರಿನಲ್ಲಿ ಬೆಳೆ ಮಾರಿ ಮನೆಗೆ ಬರುತ್ತಿದ್ದ. ಎಪ್ಪತ್ತು ತುಂಬಿದ ವರ್ಷ ಮೊಣಕಾಲು ಬಗ್ಗದೆ ಹೋಯಿತು. ಗುತ್ತಿಗೆ ಬಿಟ್ಟು ಮನೆಯಲ್ಲಿ ಕೂತ.

ಅವನ ಹೆಂಡತಿ ಕ್ಲಾರಾ ಬಜಾರಿನಲ್ಲಿ ಕ್ಯಾರೆಟ್ ಸಲಾಡು ಮಾರುತ್ತಿದ್ದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಗಂಡ ಇಡೀ ಬೇಸಿಗೆ ಮನೆಯಲ್ಲಿದ್ದದ್ದು ಇದೇ ಮೊದಲು. "ಬಾಗಿಲಲ್ಲಿ ನಿಲ್ಲಬೇಡ, ಬೆಳಕಿಗೆ ಅಡ್ಡ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಆ ಆಗಸ್ಟಿನಲ್ಲಿ ತಾಲ್ದಿಕೋರ್ಗಾನ್ ಪಟ್ಟಣಕ್ಕೆ ಹೋಗಿ ತ್ರೋಫಿಮ್ ಕಣ್ಣಿನ ಪೊರೆ ತೆಗೆಸಿಕೊಂಡ. ಪಟ್ಟಿ ಬಿಚ್ಚಿದ ದಿನ ಬಸ್ಸಿಗೆ ಕಾಯುತ್ತಾ ನಿಂತಾಗ ಎದುರಿನ ಕಂಬಕ್ಕೆ ಅಂಟಿಸಿದ್ದ ಕಾಗದವೊಂದು ಕಂಡಿತು. ಎರಡು ವರ್ಷದಿಂದ ಕಂಬವೇ ಸರಿಯಾಗಿ ಕಾಣದವನಿಗೆ ಈಗ ಕಾಗದದ ಮೇಲಿನ ನಾಯಿಯ ಮೀಸೆ ಕೂಡ ಕಂಡಿತು. ಕಪ್ಪು ಬಿಳುಪು ನಾಯಿ, ಒಂದು ಕಿವಿ ಮಡಚಿಕೊಂಡಿತ್ತು. ಹೆಸರು ಬುಲ್ಕಾ, ವಯಸ್ಸು ನಾಲ್ಕು, ಮನೆ ಬೇಕಾಗಿದೆ ಎಂದು ಬರೆದು ಕೆಳಗೆ ವಿಳಾಸ ಕೊಟ್ಟಿದ್ದರು. ಅವನು ಕಾಗದ ಕಿತ್ತು ಜೇಬಿಗಿಟ್ಟುಕೊಂಡ.

"ಕಣ್ಣು ತೆರೆಸಿಕೊಂಡು ಬಾ ಅಂತ ಕಳಿಸಿದ್ರೆ, ತೆರೆದ ಕಣ್ಣಿಗೆ ಮೊದಲು ಬಿದ್ದಿದ್ದು ನಾಯಿ," ಅಂದಳು ಕ್ಲಾರಾ. "ನನ್ನ ಮುಖ ಆಮೇಲೆ ನೋಡ್ತೀಯ ಬಿಡು."

"ನಿನ್ನ ಮುಖ ಕತ್ತಲಲ್ಲೂ ಗೊತ್ತು."

ಮರುವಾರವೇ ಹೊರಟ. ನಾಯಿಗಳ ಆಶ್ರಯ ಆ ಪಟ್ಟಣದಾಚೆ, ಮುಚ್ಚಿಹೋದ ಇಟ್ಟಿಗೆ ಗೂಡಿನ ಜಾಗದಲ್ಲಿತ್ತು. ತಂತಿ ಬಲೆಯ ಹಿಂದೆ ಎಪ್ಪತ್ತು ಎಂಬತ್ತು ನಾಯಿಗಳು ಒಟ್ಟಿಗೆ ಬೊಗಳಿದವು. ಅದನ್ನು ನಡೆಸುತ್ತಿದ್ದವಳು ಶೋಲ್ಪಾನ್, ನಲವತ್ತರ ಆಸುಪಾಸಿನ ಕಜಾಕ್ ಹೆಂಗಸು. ಮೊದಲು ರೈಲಿನಲ್ಲಿ ಬೋಗಿ ನೋಡಿಕೊಳ್ಳುವ ಕೆಲಸದಲ್ಲಿದ್ದವಳು. ಟಿಕೇಟಿಲ್ಲದವನನ್ನು ಕೇಳುವ ಹಾಗೇ ಈಗಲೂ ಪ್ರಶ್ನೆ ಕೇಳುತ್ತಿದ್ದಳು.

"ಮನೆಯಾ, ಫ್ಲಾಟಾ?"

"ಮನೆ. ಸುತ್ತ ಬೇಲಿ ಇದೆ."

"ಸರಪಳಿ ಹಾಕ್ತೀರಾ?"

"ಇಲ್ಲ."

"ಹನ್ನೆರಡು ಸಾವಿರ ತೆಂಗೆ. ಮರಿ ಆಗದ ಹಾಗೆ ಆಪರೇಷನ್ನು, ಹುಚ್ಚಿನ ಲಸಿಕೆ, ಹುಳದ ಮದ್ದು, ಎಲ್ಲ ಸೇರಿ. ಬೀದಿ ನಾಯಿಗೆ ಯಾಕೆ ದುಡ್ಡು ಅಂತ ಕೇಳೋದಾದ್ರೆ ಈಗಲೇ ಕೇಳಿಬಿಡಿ."

"ನಾನು ಕೇಳಲಿಲ್ಲ," ಅಂದ ತ್ರೋಫಿಮ್. ದುಡ್ಡು ತೆಗೆದು ಮೇಜಿನ ಮೇಲಿಟ್ಟ. ಶೋಲ್ಪಾನ್ ಕರಾರು ಪತ್ರ ಎಳೆದುಕೊಂಡಳು.

"ಹೆಸರು?"

"ಯುಗಾಯ್. ತ್ರೋಫಿಮ್ ಸೆರ್ಗೇವಿಚ್."

ಪೆನ್ನು ನಿಂತಿತು. ಅವಳು ತಲೆಯೆತ್ತಿ, ಈಗಷ್ಟೇ ಒಳಗೆ ಬಂದವನನ್ನು ನೋಡುವಂತೆ ಅವನನ್ನು ನೋಡಿದಳು.

"ಯಜಮಾನ್ರೇ, ನಾಯಿ ಯಾಕೆ ಬೇಕು ನಿಮಗೆ?"

ಯುಗಾಯ್ ಎಂಬುದು ಕೊರಿಯನ್ ಹೆಸರು, ಪ್ರಶ್ನೆ ಏನೆಂದು ಅವನಿಗೆ ತಕ್ಷಣ ತಿಳಿಯಿತು. ಆ ಸೀಮೆಯಲ್ಲಿ ಕೊರಿಯನ್ ಮನೆಗಳಲ್ಲಿ ನಾಯಿಮಾಂಸದ ಸಾರು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಾಡುವ ಮನೆಗಳಿದ್ದವು, ಮಾಡದ ಮನೆಗಳೂ ಇದ್ದವು. ಕೇಳುವವರು ಲೆಕ್ಕ ಹಿಡಿದು ಕೇಳುವುದಿಲ್ಲ.

"ಸಾಕೋಕೆ," ಅಂದ.

"ತಪ್ಪು ತಿಳೀಬೇಡಿ. ಮೂರು ವರ್ಷದ ಹಿಂದೆ ಒಬ್ಬ ಎರಡು ನಾಯಿ ತಗೊಂಡು ಹೋದ. ಚಳಿಗಾಲದಲ್ಲಿ ನೋಡೋಕೆ ಹೋದ್ರೆ ಎರಡೂ ಇಲ್ಲ. ಮಗನಿಗೆ ಎದೆ ಕಾಯಿಲೆ, ಮದ್ದಿಗೆ ನಾಯಿ ಕೊಬ್ಬು ಬೇಕಿತ್ತು ಅಂದ."

"ಕೊರಿಯನ್ನಾ?"

ಶೋಲ್ಪಾನ್ ಪೆನ್ನು ಕೆಳಗಿಟ್ಟಳು. "ಅಲ್ಲ. ರಷ್ಯನ್."

"ಹಾಗಾದ್ರೆ ಬರೋ ರಷ್ಯನ್ನರನ್ನೆಲ್ಲ ಹೀಗೆ ಕೇಳ್ತೀಯಾ, ತಾಯೀ?"

"ಇಲ್ಲ," ಅಂದಳು ಅವಳು. ಸುಳ್ಳು ಹೇಳಲಿಲ್ಲ.

ತ್ರೋಫಿಮ್ ದುಡ್ಡು ಮಡಚಿ ಜೇಬಿಗೆ ಹಾಕಿಕೊಂಡು ಎದ್ದ. ಬುಲ್ಕಾಳನ್ನು ನೋಡಲೂ ಇಲ್ಲ.

ಮನೆಯಲ್ಲಿ ಕ್ಲಾರಾ ಮರುದಿನದ ಬಜಾರಿಗೆ ಕ್ಯಾರೆಟ್ ಹೆಚ್ಚುತ್ತಾ ಕೂತಿದ್ದಳು. ನಡೆದದ್ದನ್ನು ಕೇಳಿ ಮೊದಲು ನಕ್ಕಳು. "ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ನಿನ್ನ ತಮ್ಮನ ಅರವತ್ತನೇ ಹುಟ್ಟುಹಬ್ಬದಲ್ಲಿ ದೊಡ್ಡ ಹಂಡೆಯಲ್ಲಿ ಬೆಂದಿದ್ದು ಏನು, ಎಲೆಕೋಸಾ?"

"ನಾನು ತಿನ್ನಲಿಲ್ಲ."

"ಹೌದು, ನೀನು ಯಾವತ್ತೂ ತಿನ್ನಲ್ಲ. ಹೊಟ್ಟೆಗೆ ಆಗಲ್ಲ ಅಂತಿದ್ದೆ."

"ಹೊಟ್ಟೆಗೆ ಅಲ್ಲ."

ಅವಳು ಚಾಕು ಕೆಳಗಿಟ್ಟಳು. ಆಗ ತ್ರೋಫಿಮ್ ಹೆಂಡತಿಗೆ ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಹೇಳಿದ.

ಅವನಿಗೆ ಎಂಟು ವರ್ಷವಾಗಿದ್ದಾಗ ಎದೆ ಕಾಯಿಲೆ ಬಂದಿತ್ತು. ಕೆಮ್ಮಿದರೆ ಟವೆಲಿನಲ್ಲಿ ರಕ್ತ ಕಾಣುತ್ತಿತ್ತು. ಕ್ಷಯದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾಗಲು ಮೂರು ತಿಂಗಳು ಎಂದಿದ್ದರು. ಆ ಮೂರು ತಿಂಗಳು ಹುಡುಗ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವನ ಅಜ್ಜಿ ದಿನಾ ಎರಡು ಹೊತ್ತು ದಪ್ಪ ಸಾರು ಕುಡಿಸುತ್ತಿದ್ದಳು. ಆರು ವಾರ ಕುಡಿದ. ವಸಂತಕಾಲಕ್ಕೆ ಎದ್ದು ಗೋಡೆ ಹಿಡಿದು ಅಂಗಳಕ್ಕೆ ಬಂದ. ಪಾಲ್ಮಾ ಎಂದು ಕೂಗಿದ. ಪಾಲ್ಮಾ ಅವರ ಮನೆಯ ಹಳದಿ ನಾಯಿ, ಅವನ ಜೊತೆ ಶಾಲೆಯ ಗೇಟಿನವರೆಗೆ ಬರುತ್ತಿದ್ದದ್ದು. ಬರಲಿಲ್ಲ. ಅಜ್ಜಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಮನೆಯಲ್ಲಿ ಬೇರೆ ಏನಿತ್ತು, ಹೇಳು," ಅಂದಳು. ಅಷ್ಟೇ ಅಂದಳು.

"ಅಜ್ಜಿ ಮೇಲೆ ಸಿಟ್ಟಾಗೋಕೆ ಆಗಲಿಲ್ಲ," ಅಂದ ತ್ರೋಫಿಮ್. "ಸಿಟ್ಟು ಮಾಡಿಕೊಳ್ಳೋಕೆ ಬೇಕಾದ ಉಸಿರೂ ಅವಳು ಕೊಟ್ಟಿದ್ದೇ. ಆಮೇಲೆ ಯಾವ ನಾಯಿಯನ್ನೂ ಹತ್ತಿರ ಸೇರಿಸಲಿಲ್ಲ. ಹೊಲದಲ್ಲಿ ಎಷ್ಟೋ ನಾಯಿ ಬರ್ತಿದ್ವು. ಕಲ್ಲು ಹೊಡೆದು ಓಡಿಸ್ತಿದ್ದೆ."

ಕ್ಲಾರಾ ಮತ್ತೆ ಚಾಕು ಎತ್ತಿಕೊಂಡು ಎರಡು ಕ್ಯಾರೆಟ್ ಹೆಚ್ಚಿದ ಮೇಲೆ, "ಇದನ್ನ ಅವಳಿಗೂ ಹೇಳು," ಅಂದಳು.

"ಹೇಳಿದ್ರೆ ಕೊಡ್ತಾಳಾ?"

"ಕೊಡದೇ ಇರಬಹುದು. ಆದ್ರೆ ಹೀಗೆ ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತರೆ ಆ ನಾಯಿ ತಾನಾಗೇ ಬರಲ್ಲ. ಬೆಳಕಿಗೂ ಅಡ್ಡ."

ಹೋದ. ಹೇಳಿದ. ಶೋಲ್ಪಾನ್ ನಿಂತುಕೊಂಡೇ ಕೇಳಿದಳು, ಕೈಯಲ್ಲಿ ಗಂಜಿಯ ಬಕೆಟ್ಟು ಹಾಗೇ ಇತ್ತು. ಕೇಳಿ ಮುಗಿದ ಮೇಲೆ ಬಕೆಟ್ಟು ಕೆಳಗಿಟ್ಟು, "ನಂಬಿಕೆ ಬಂತು ಅಂತ ಹೇಳಿದ್ರೆ ಸುಳ್ಳಾಗುತ್ತೆ, ಯಜಮಾನ್ರೇ," ಅಂದಳು. "ಕಥೆ ಎಲ್ಲರ ಹತ್ರಾನೂ ಇರುತ್ತೆ. ಗುರುವಾರ ನನಗೆ ಕೆಲಸದವರು ಸಿಗಲ್ಲ. ಮೊದಲ ಹಿಮ ಬೀಳೋ ತನಕ ಪ್ರತಿ ಗುರುವಾರ ಬನ್ನಿ. ನಾಯಿಗಳ ಜೊತೆ ನೀವು ಹೇಗಿರ್ತೀರ ನೋಡ್ತೀನಿ. ಆಮೇಲೆ ಮಾತು."

"ಇದನ್ನೂ ರಷ್ಯನ್ನರಿಗೆ ಹೇಳಲ್ಲ, ಅಲ್ವಾ?"

"ಇನ್ನು ಮೇಲೆ ಹೇಳ್ತೀನಿ."

ಗುರುವಾರದ ಬೆಳಗಿನ ಮೊದಲ ಬಸ್ಸಿಗೆ ತ್ರೋಫಿಮ್ ಹತ್ತತೊಡಗಿದ. ಒಂದು ಸಲ ಹೋಗಿ ಬಂದರೆ ಮೊಣಕಾಲು ಶನಿವಾರದವರೆಗೂ ನೋಯುತ್ತಿತ್ತು. ಕ್ಲಾರಾ ಮೆಣಸಿನೆಣ್ಣೆ ತಿಕ್ಕುತ್ತಾ, "ಹನ್ನೆರಡು ಸಾವಿರಕ್ಕೆ ಸಿಗೋ ನಾಯಿಗೆ ಎರಡು ಕಾಲು ಕೊಟ್ಟು ಬರ್ತಿದ್ದೀಯ," ಅನ್ನುತ್ತಿದ್ದಳು. ತಿಕ್ಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಇಟ್ಟಿಗೆ ಗೂಡಿನ ಜಾಗ ತಗ್ಗಿನಲ್ಲಿತ್ತು. ಒಂದು ಮಳೆಗೆ ನಾಯಿಗಳೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲುತ್ತಿದ್ದವು. ನಾಲ್ಕು ವರ್ಷದಿಂದ ಶೋಲ್ಪಾನ್ ಅದರ ಮೇಲೆ ಹಲಗೆ ಹಾಸಿ ಹಾಸಿ ಸೋತಿದ್ದಳು. ತ್ರೋಫಿಮ್ ಎರಡು ಗುರುವಾರ ಅಂಗಳವನ್ನು ಸುಮ್ಮನೆ ಸುತ್ತಿ ನೋಡಿದ. ಜೀವಮಾನವೆಲ್ಲ ಈರುಳ್ಳಿ ಪಾತಿಗೆ ನೀರು ಹಾಯಿಸಿದವನಿಗೆ, ನೀರು ಎಲ್ಲಿಗೆ ಹೋಗಬೇಕೆಂದಿದೆ ಎಂಬುದು ತಿಳಿಯಲು ನೋಡಿದರೆ ಸಾಕಾಗಿತ್ತು. ಮೂರನೇ ಗುರುವಾರ ಸನಿಕೆ ಹಿಡಿದು ಮೂಲೆಯಿಂದ ಹೊರಗಿನ ಹಳ್ಳದ ಕಡೆಗೆ ಕಾಲುವೆ ತೋಡಲು ಶುರುಮಾಡಿದ.

ಬುಲ್ಕಾ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಾರ ಕೈಯಿಂದಾದರೂ ರೊಟ್ಟಿ ತಿನ್ನುವವಳು ಅವನ ಕೈ ಕಂಡರೆ ದೂರ ಸರಿಯುತ್ತಿದ್ದಳು. "ನನ್ನ ಹೆಸರು ಇವಳಿಗೂ ಹೇಳಿಬಿಟ್ಟಿದ್ದೀಯಾ?" ಎಂದು ಒಮ್ಮೆ ಅವನು ಕೇಳಿದ. ಶೋಲ್ಪಾನ್ ಮೊದಲ ಬಾರಿಗೆ ನಕ್ಕಳು.

ಐದನೇ ಗುರುವಾರ ಅವನು ಹೋದಾಗ ಬುಲ್ಕಾಳ ಗೂಡು ಖಾಲಿಯಿತ್ತು.

"ಭಾನುವಾರ ಒಂದು ಸಂಸಾರ ಬಂದಿತ್ತು," ಅಂದಳು ಶೋಲ್ಪಾನ್. ಅವನ ಮುಖ ನೋಡದೆ ಬಟ್ಟಲು ತೊಳೆಯುತ್ತಿದ್ದಳು. "ಇಬ್ಬರು ಹೆಣ್ಣುಮಕ್ಕಳು. ಬುಲ್ಕಾ ಹೋಗಿ ದೊಡ್ಡವಳ ಮಡಿಲಲ್ಲಿ ಕೂತುಬಿಟ್ಟಳು. ಕೈ ಇದ್ದಿದ್ರೆ ತಾನೇ ಸಹಿ ಹಾಕ್ತಿದ್ದಳು. ನಿಮಗೆ ಅಂತ ಇಟ್ಟುಕೊಳ್ಳೋಕೆ ಮನಸ್ಸಾಗಲಿಲ್ಲ. ಬೈಯೋದಿದ್ರೆ ಬೈಯಿರಿ."

ತನಗೆ ಬಂದದ್ದು ಸಿಟ್ಟೋ ಬೇಸರವೋ ತ್ರೋಫಿಮನಿಗೇ ತಿಳಿಯಲಿಲ್ಲ. ಗೇಟಿನವರೆಗೆ ನಡೆದ. ಮುಂದಿನ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಎಡಗಡೆ ಅರ್ಧ ತೋಡಿದ ಕಾಲುವೆ ಬಾಯಿ ತೆರೆದುಕೊಂಡು ಬಿದ್ದಿತ್ತು, ಆ ಸ್ಥಿತಿಯಲ್ಲಿ ಮಳೆ ಬಂದರೆ ನೀರು ಹೊರಗೆ ಹೋಗುವ ಬದಲು ಗೂಡುಗಳಿಗೇ ನುಗ್ಗುತ್ತಿತ್ತು. ಅವನು ಹಿಂದಿರುಗಿ ಬಂದು ಸನಿಕೆ ಎತ್ತಿಕೊಂಡ.

"ನಾಯಿ ಹೋಯ್ತಲ್ಲ, ಇನ್ಯಾಕೆ?" ಅಂದಳು ಶೋಲ್ಪಾನ್.

"ಅರ್ಧ ಕಾಲುವೆ ಬಿಟ್ಟು ಹೋದವನು ಅನ್ನಿಸಿಕೊಳ್ಳೋಕೆ ಆಗಲ್ಲ. ಆ ಕಡೆ ಮಣ್ಣು ತೆಗಿ."

ಇನ್ನೂ ನಾಲ್ಕು ಗುರುವಾರ ತೋಡಿದ. ಆ ದಿನಗಳಲ್ಲಿ ಒಂದು ಮುದಿ ಬೂದು ನಾಯಿ ಬಂದು ಕಾಲುವೆಯೊಳಗೆ, ಅವನ ಸನಿಕೆಗೆ ಸರಿಯಾಗಿ ಅಡ್ಡ ನಿಲ್ಲಲು ಶುರುಮಾಡಿತು. ಹೆಸರು ಮೇಜರ್, ಆದರೆ ಯಾವ ನಾಯಿ ಗುರ್ರೆಂದರೂ ದಾರಿ ಬಿಡುತ್ತಿತ್ತು. ಮುಂದಿನ ಹಲ್ಲುಗಳಿರಲಿಲ್ಲ. ನಾಲ್ಕು ವರ್ಷದಿಂದ ಅಲ್ಲೇ ಇತ್ತು, ಯಾರೂ ಕೇಳಿರಲಿಲ್ಲ. ತ್ರೋಫಿಮ್ ಅದನ್ನು ಪಕ್ಕಕ್ಕೆ ತಳ್ಳುತ್ತಿದ್ದ, ಅದು ಎರಡು ಹೆಜ್ಜೆ ಸರಿದು ಮತ್ತೆ ಅಡ್ಡ ನಿಲ್ಲುತ್ತಿತ್ತು. ಅವನು ಗೊಣಗುತ್ತಿದ್ದ. ತನಗೆ ಗೊತ್ತಿಲ್ಲದೆಯೇ ಇಡೀ ದಿನ ಅದರ ಜೊತೆ ಮಾತಾಡುತ್ತಿದ್ದ. ಶೋಲ್ಪಾನ್ ದೂರದಿಂದ ಕೇಳಿಸಿಕೊಳ್ಳುತ್ತಿದ್ದಳು.

ಕಾಲುವೆ ಮುಗಿದ ವಾರ ಜೋರು ಮಳೆ ಸುರಿಯಿತು. ನೀರು ನೇರ ಹಳ್ಳ ಸೇರಿತು. ಅದಾಗಿ ಮೂರು ದಿನಕ್ಕೆ ಮೊದಲ ಹಿಮ ಬಿತ್ತು. ಭಾನುವಾರ ಮಧ್ಯಾಹ್ನ ಉಷ್ತೋಬೆಯ ಬೀದಿಯಲ್ಲಿ ಹಳೆ ವ್ಯಾನೊಂದು ಬಂದು ನಿಂತಿತು. ಶೋಲ್ಪಾನ್ ಇಳಿದಳು. ಒಳಗೆ ಕೂತಿದ್ದ ಮೇಜರನ್ನು ಮಾತ್ರ ಇಳಿಸಲಿಲ್ಲ.

"ಮೊದಲು ಬೇಲಿ ನೋಡ್ಬೇಕು," ಅಂದಳು.

ಬೇಲಿ ನೋಡಿದಳು. ನಾಯಿಗೆಂದು ಕಟ್ಟಿಸಿದ್ದ ಗೂಡು ನೋಡಿದಳು, ಒಳಗೆ ಕೈ ಹಾಕಿ ಹುಲ್ಲು ಒಣಗಿದೆಯೇ ಎಂದು ನೋಡಿದಳು. ಉಗ್ರಾಣಕ್ಕೂ ಇಣುಕಿದಳು. ಕ್ಲಾರಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದೆ ಹಿಂದೆ ನಡೆದಳು. "ಮಗಳ ಸಂಬಂಧ ನೋಡೋಕೆ ಬಂದವರೂ ಇಷ್ಟು ಹುಡುಕಲಿಲ್ಲಪ್ಪ," ಎಂದು ಗಂಡನಿಗೆ ಕೇಳುವ ಹಾಗೆ ಹೇಳಿದಳು. ಆಮೇಲೆ ಬಂದವಳನ್ನು ಒಳಗೆ ಕರೆದು ಊಟಕ್ಕೆ ಕೂರಿಸಿ, ಅನ್ನದ ಪಕ್ಕ ಬಿಸಿ ಬಿಸಿ ಮಾಂಸದ ಸಾರಿನ ಬಟ್ಟಲಿಟ್ಟಳು.

ಶೋಲ್ಪಾನಳ ಚಮಚ ಗಾಳಿಯಲ್ಲೇ ನಿಂತಿತು.

"ದನದ್ದು, ತಿನ್ನಮ್ಮ," ಅಂದಳು ಕ್ಲಾರಾ. "ಅನುಮಾನ ಇದ್ರೆ ಮೂಳೆ ಬುಟ್ಟಿಯಲ್ಲಿದೆ, ಗೊರಸಿನ ಸಮೇತ ತೋರಿಸ್ತೀನಿ."

ಶೋಲ್ಪಾನಳ ಮುಖ ಕಿವಿಯವರೆಗೂ ಕೆಂಪಾಯಿತು. ತ್ರೋಫಿಮ್ ಹೆಂಡತಿಯನ್ನು ಗದರಿಸಲು ಬಾಯಿ ತೆರೆದ, ಆದರೆ ಬಂದವಳು ಆಗಲೇ ನಗತೊಡಗಿದ್ದಳು. ನಗುತ್ತಲೇ ಎರಡು ಬಟ್ಟಲು ಕುಡಿದಳು.

ಊಟವಾದ ಮೇಲೆ ಕರಾರು ಪತ್ರ ತೆಗೆದಳು. ತ್ರೋಫಿಮ್ ದುಡ್ಡು ಎಣಿಸಿ ಇಟ್ಟ. ಒಂಬತ್ತು ಗುರುವಾರ ದುಡಿದವನಿಂದ, ಯಾರೂ ಕೇಳದ ಹಲ್ಲಿಲ್ಲದ ನಾಯಿಗೆ ಅವಳು ದುಡ್ಡು ತೆಗೆದುಕೊಳ್ಳಲಾರಳು ಎಂದು ಕ್ಲಾರಾ ಅಂದುಕೊಂಡಿದ್ದಳು. ಶೋಲ್ಪಾನ್ ಹನ್ನೆರಡು ಸಾವಿರವನ್ನೂ ತೆಗೆದುಕೊಂಡು ರಸೀದಿ ಬರೆದಳು.

"ಎಲ್ಲರಿಗೂ ಅಷ್ಟೇ," ಅಂದಳು.

"ಅಷ್ಟೇ ಇರಲಿ," ಅಂದ ತ್ರೋಫಿಮ್. ಆ ರಸೀದಿಯನ್ನು ಅವನು ಕಣ್ಣಿನ ಹತ್ತಿರ ತಂದು ಎರಡು ಸಲ ಓದಿದ. ಯುಗಾಯ್ ಎಂದು ಬರೆದಿತ್ತು, ಅಕ್ಷರ ತಪ್ಪಿರಲಿಲ್ಲ. ತಿಂಗಳಿಗೊಂದು ಫೋಟೋ ಕಳಿಸಬೇಕು, ಒಂದು ವರ್ಷದವರೆಗೆ, ಎಂದು ಕೆಳಗಿತ್ತು. ಅದೂ ಎಲ್ಲರಿಗೂ.

ವ್ಯಾನು ಹೋದ ಮೇಲೆ ಮೇಜರ್ ಅಂಗಳದ ನಡುವೆ ನಿಂತಿತು. ಗೂಡಿಗೆ ಹೋಗಲಿಲ್ಲ. ಬೇಲಿಯ ಉದ್ದಕ್ಕೂ ಒಮ್ಮೆ ನಡೆದು ಬಂದು, ಹಳೆಯ ಖಾಲಿ ಈರುಳ್ಳಿ ಚೀಲಗಳ ರಾಶಿ ಹತ್ತಿ ಮಲಗಿತು. ಕೆಳಗಿಳಿಸಲು ಹೋದ ಕ್ಲಾರಾಳನ್ನು ನೋಡಿ ಒಂದು ನಿಟ್ಟುಸಿರು ಬಿಟ್ಟಿತು.

"ಹಲ್ಲಿಲ್ಲ, ಬೊಗಳಲ್ಲ, ಜಾಗ ಮಾತ್ರ ಬೇಕು. ನಿನಗೆ ತಕ್ಕದ್ದನ್ನೇ ಆರಿಸಿದ್ದೀಯ, ಮುದುಕ."

ಫೋಟೋ ತೆಗೆಯುವ ಕೆಲಸ ಕ್ಲಾರಾಳ ಪಾಲಿಗೆ ಬಂತು, ಫೋನು ಅವಳದ್ದಾದ್ದರಿಂದ. ಮೊದಲ ತಿಂಗಳು ಬರೀ ಬಾಲ ಬಂತು. ಎರಡನೆಯ ತಿಂಗಳು ನಾಯಿಯ ಅರ್ಧ, ತ್ರೋಫಿಮನ ಬೂಟು. ಜನವರಿಯ ಚಳಿಯಲ್ಲಿ ನಾಯಿ ಒಲೆಯ ಪಕ್ಕ ಇರುವ ಫೋಟೋ ಹೋಯಿತು. ಗೂಡು ಕಟ್ಟಿಸಿದ್ದು ಯಾಕೆ ಎಂದು ಶೋಲ್ಪಾನ್ ಕೇಳಿದ್ದಕ್ಕೆ ಕ್ಲಾರಾ, ಗೂಡಿನಲ್ಲಿ ಈಗ ಈರುಳ್ಳಿ ಇಟ್ಟಿದ್ದೇವೆ ಎಂದು ಉತ್ತರ ಬರೆದಳು.

ವಸಂತದಲ್ಲಿ ತ್ರೋಫಿಮ್ ಮನೆಯ ಹಿಂದೆ ಎರಡೇ ಎರಡು ಪಾತಿ ಈರುಳ್ಳಿ ಹಾಕಿದ. ಮೇಜರ್ ಪಾತಿಯ ನಡುವಿನ ಕಾಲುವೆಯಲ್ಲಿ ನಿಂತು ನೀರಿಗೆ ಅಡ್ಡವಾಗುತ್ತಿತ್ತು. ಅವನು ಕಾಯುತ್ತಿದ್ದ. ಅದು ತಾನಾಗಿ ಸರಿದ ಮೇಲೆ ನೀರು ಮುಂದೆ ಹೋಗುತ್ತಿತ್ತು. ಒಂದು ವರ್ಷದ ಕರಾರು ಮುಗಿದ ತಿಂಗಳು ಇನ್ನು ಫೋಟೋ ಬೇಕಾಗಿಲ್ಲ ಎಂದು ಶೋಲ್ಪಾನ್ ಫೋನು ಮಾಡಿ ಹೇಳಿದಳು. ಕ್ಲಾರಾ ಆಯಿತಮ್ಮ ಅಂದಳು. ಮುಂದಿನ ತಿಂಗಳು ಮತ್ತೆ ಕಳಿಸಿದಳು. ಅದರಲ್ಲಿ ನಾಯಿ ಪೂರ್ತಿ ಬಂದಿತ್ತು.