ಸಾಕಮ್ಮನ ಒಪ್ಪತ್ತು

ವೀರನಹೊಸಹಳ್ಳಿಯ ಆ ಮನೆಯಲ್ಲಿ ಸಾಕಮ್ಮನ ಮಾತಿಗೆ ಎದುರು ಮಾತಿರಲಿಲ್ಲ. ಸೊಸೆ ಅನುಶ್ರೀಗೆ ಮದುವೆಯಾಗಿ ವರ್ಷವಾದರೂ ಮಡಿಲು ತುಂಬದಿದ್ದಾಗ ಮನೆದೇವರಿಗೆ ಹರಕೆ ಹೊತ್ತವಳೂ ಅವಳೇ. ಹೊತ್ತದ್ದು ಅತ್ತೆ, ನಡೆಸಬೇಕಾದವಳು ಸೊಸೆ. ಹರಕೆಗಳ ಹಣೆಬರಹವೇ ಅಷ್ಟು. ಪ್ರತಿ ತಿಂಗಳೂ ಮುಟ್ಟಿನ ತಲೆಸ್ನಾನವಾದ ಮೇಲೆ ಮೂರು ಸೋಮವಾರ ಕಳೆಯುವವರೆಗೆ ಅನುಶ್ರೀ ಒಂದೇ ಹೊತ್ತು ಉಣ್ಣಬೇಕು, ಗಂಡನಿಂದ ಬೇರೆ ಮಲಗಬೇಕು. ಗಂಡ ಯತೀಶನ ಚಾಪೆ ಜಗಲಿಗೆ ಹೋಯಿತು. ಹೀಗೇ ಒಂದು ವರ್ಷ ಕಳೆಯಿತು. ಮುಟ್ಟಾದಾಗಲೆಲ್ಲ ಅನುಶ್ರೀ ಕೊಟ್ಟಿಗೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

ಹುಣಸೂರಿನ ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪರೀಕ್ಷೆಯಾಯಿತು. ದೋಷವೇನೂ ಕಾಣಲಿಲ್ಲ. ಯಾವ ದಿನಗಳಲ್ಲಿ ಜೊತೆಗಿರುತ್ತೀರಿ ಎಂದು ನರ್ಸ್ ಸಿಂಧು ಕೇಳಿದಾಗ ಅನುಶ್ರೀ ನಾಚುತ್ತಲೇ ಹರಕೆಯ ವಿಷಯ ಹೇಳಿದಳು.

"ಮುಂದಿನ ಮುಟ್ಟಿಗೆ ಎರಡು ವಾರ ಇದೆ ಅನ್ನೋವಾಗ ಅಂಡ ಬಿಡುಗಡೆ ಆಗುತ್ತೆ ಕಣಮ್ಮ. ಅದು ಬದುಕೋದು ಒಂದೇ ದಿನ. ಆ ದಿನ, ಅದರ ಹಿಂದಿನ ನಾಕೈದು ದಿನ ಜೊತೆಗಿದ್ರೇನೇ ಮಗು ನಿಲ್ಲೋದು. ನೀವು ಸರಿಯಾಗಿ ಆಗಲೇ ಬೇರೆ ಮಲಗಿದ್ದೀರಿ. ಎಲ್ಲರಿಗೂ ಒಂದೇ ದಿನ ಅಂತ ಇಲ್ಲ. ಆ ದಿನಗಳಲ್ಲಿ ಕೆಳಗೆ ಮೊಟ್ಟೆಯ ಬಿಳಿ ಭಾಗದ ಥರ ಲೋಳೆ ಹೋಗುತ್ತೆ, ಎಳೆದರೆ ದಾರ ಆಗುತ್ತೆ. ಅದನ್ನ ನೋಡ್ಕೊ."

ಮಗುವಿಗಾಗಿ ಹೊತ್ತ ಹರಕೆಯೇ ಮಗುವಿಗೆ ಅಡ್ಡ ನಿಂತಿದೆ ಎಂದು ಅತ್ತೆಗೆ ಹೇಳುವುದು ಹೇಗೆ? ಬಸ್ಸಿನುದ್ದಕ್ಕೂ ಅನುಶ್ರೀಗೆ ಅದೇ ಚಿಂತೆ.

ಮರುದಿನ ಹಸು ಗೌರಿಯ ಹಾಲು ಕರೆಯುತ್ತಿದ್ದ ಸಾಕಮ್ಮನೇ ಕೇಳಿದಳು, "ಯಾಕ್ ಮಗ, ಸಪ್ಪಗಿದ್ದೀಯ? ಆಸ್ಪತ್ರೇಲಿ ಏನಂದ್ರು?"

ಅನುಶ್ರೀ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಸಾಕಮ್ಮ ಕೆಚ್ಚಲಿನಿಂದ ಕೈ ತೆಗೆದಳು.

"ಗೌರಿ ಬೆದೆಗೆ ಬಂದಾಗ ಲೋಳೆ ಇಳೀತದಲ್ಲ, ಅಂಗೇನಾ?"

"ಹೂಂ ಅತ್ತೆ."

"ಬೆದೆಗೆ ಬಂದ ದಿನ ಬುಟ್ಟು ವಾರ ಕಳ್ದು ದನದ ಡಾಕ್ಟ್ರನ್ನ ಕರ್ದ್ರೆ ಹಸ ಗಬ್ಬ ಆಯ್ತದಾ? ಇಷ್ಟು ಗೊತ್ತಿದ್ದೂ ನನ್ ಮಗನ್ನ ಜಗಲೀಲಿ ಮಲಗಿಸ್ಬುಟ್ನಲ್ಲ."

"ಹರಕೆ ಬಿಡಕಾಯ್ತದಾ ಅತ್ತೆ?"

"ಹೊತ್ತೋಳು ನಾನು, ನಾನೇ ನಡೆಸ್ತೀನಿ ಬುಡು. ತೊಟ್ಲು ಕಟ್ಟೋಗಂಟ ದಿನಾ ಒಪ್ಪತ್ತು ನಂದು. ನೀನು ಹೊಟ್ಟೆ ತುಂಬ ಉಣ್ಣು."

ಯತೀಶನ ಚಾಪೆಯನ್ನು ಅವಳೇ ಒಳಗೆ ತಂದು ಹಾಕಿದಳು.

ಮೊದಲ ತಿಂಗಳು ಏನೂ ಆಗಲಿಲ್ಲ, ಎರಡನೆಯ ತಿಂಗಳೂ ಇಲ್ಲ. ಅನುಶ್ರೀಗೆ ತನ್ನ ಮೈಯ ಗುರುತು ನಿಧಾನಕ್ಕೆ ತಿಳಿಯತೊಡಗಿತು. ಹೊಗೆಸೊಪ್ಪು ಕಟ್ಟುವ ಬಿಡುವಿಲ್ಲದ ದಿನಗಳಲ್ಲೂ ಸಾಕಮ್ಮ ಮಧ್ಯಾಹ್ನ ಉಂಡರೆ ಮುಗಿಯಿತು, ಸಂಜೆಗೆ ಬರೀ ಮಜ್ಜಿಗೆ. ವಯಸ್ಸಾಯಿತು, ಬಿಡವ್ವ ಎಂದ ಮಗನಿಗೆ, "ನನ್ ಹೊಟ್ಟೆ, ನನ್ ದೇವ್ರು, ನಿಂಗೇನ್ಲಾ?" ಎಂದು ಗದರಿದಳು. ಹೆತ್ತ ತಾಯಿಯಾದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ ಎಂದು ಅನುಶ್ರೀಯ ಎದೆ ತುಂಬಿ ಬರುತ್ತಿತ್ತು. ಚಳಿ ಶುರುವಾಗುವ ಹೊತ್ತಿಗೆ ಮುಟ್ಟು ನಿಂತಿತು.

ಹೆಣ್ಣುಮಗು ಹುಟ್ಟಿತು. ತೊಟ್ಟಿಲು ಕಟ್ಟಿದ ದಿನ ನೆಂಟರೆಲ್ಲ ಹೊರಟ ಮೇಲೆ, ದೀಪ ಹಚ್ಚುವ ಹೊತ್ತಿಗೆ ಅನುಶ್ರೀ ಬಿಸಿ ಮುದ್ದೆ, ಬಸ್ಸಾರು ಬಡಿಸಿ ಅತ್ತೆಯನ್ನು ಕೂರಿಸಿದಳು. ಸಾಕಮ್ಮ ತಟ್ಟೆಯನ್ನೇ ನೋಡುತ್ತ ಕುಳಿತಳು.

"ಈ ಹೊತ್ನಲ್ಲಿ ಉಣ್ಣೋದೇ ಮರ್ತೋಗದೆ ಕಣ್ ಮಗ."

ಅನುಶ್ರೀ ಮುದ್ದೆ ಮುರಿದು ಸಾರಿಗದ್ದಿ ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಸಾಕಮ್ಮ ಎದುರು ಮಾತಾಡದೆ ಬಾಯಿ ತೆರೆದಳು.