ಎಡಕ್ಕೆ ಎಳೆಯುವ ವ್ಯಾನು

ಕೊಳ್ಳುವ ವಸ್ತುವನ್ನು ತಿರುಗಿಸಿ ನೋಡುವ ಧೈರ್ಯ ನನಗೆ ಎಂದೂ ಬರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸು ಒಮ್ಮೆ ನನ್ನ ಮುಖ ನೋಡಿದರೆ ಸಾಕು, ಹುಳುಕಿನದ್ದನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. ಆರಿಸಿ ತೆಗೆದರೆ ಅವಳನ್ನೇ ಅನುಮಾನಿಸಿದಂತೆ ಎಂಬ ಸಂಕೋಚ. ಬದನೆಕಾಯಿಯಾದರೆ ಹುಳುಕನ್ನು ಕತ್ತರಿಸಿ ಎಸೆದು ಉಳಿದದ್ದನ್ನು ಪಲ್ಯ ಮಾಡಬಹುದು. ವ್ಯಾನಿಗೆ ಆ ಸೌಕರ್ಯವಿಲ್ಲ.

ಅರುವತ್ತರ ದಶಕದ ಆರಂಭ. ಮೂಡಬಿದಿರೆಯಲ್ಲಿ ನನ್ನದೊಂದು ಸಣ್ಣ ಗೋಲಿ ಸೋಡಾ ಕಾರ್ಖಾನೆ. ವೇಣೂರು, ಪುತ್ತಿಗೆಯ ಅಂಗಡಿಗಳಿಗೆ ಸೈಕಲಿನಲ್ಲಿ ಬಾಟ್ಲಿ ಮುಟ್ಟಿಸಿ ಮುಟ್ಟಿಸಿ ಮೊಣಕಾಲು ಸೋತಿತ್ತು. ಹಾಗಿರುವಾಗ ಬೆಳ್ತಂಗಡಿಯ ಡಾಕ್ಟ್ರು ತಮ್ಮ ಹಳೆಯ ವ್ಯಾನನ್ನು ಮಾರುತ್ತಾರೆಂಬ ಸುದ್ದಿ ಬಂತು. ಸಂತೋಷದ ಜೊತೆಗೇ ಸಂಕಟವೂ ಶುರುವಾಯಿತು. ನನ್ನ ಹೆಂಡತಿ ಕಮಲ ಟೈಫಾಯ್ಡಿನಲ್ಲಿ ಮಲಗಿದ್ದಾಗ ಅದೇ ವ್ಯಾನಿನಲ್ಲಿ ಹನ್ನೊಂದು ದಿನ ತಪ್ಪದೆ ಬಂದು ಅವಳನ್ನು ಉಳಿಸಿಕೊಟ್ಟವರು ಅವರು. ಅಂಥವರ ವ್ಯಾನಿನ ಅಡಿಗೆ ಬಗ್ಗಿ ನೋಡುವುದು ಹೇಗೆ?

"ಡಾಕ್ಟ್ರು ಒಳ್ಳೆಯವರು ಅಂತ ನನಗೂ ಗೊತ್ತುಂಟು," ಎಂದಳು ಕಮಲ. "ವ್ಯಾನು ಒಳ್ಳೆಯದೋ ಅಂತ ನೋಡಿಕೊಂಡು ಬನ್ನಿ. ಅದರಲ್ಲಿ ಹೋಗುವುದು ನೀವು ಮತ್ತು ಗಾಜಿನ ಬಾಟ್ಲಿ."

ಮೆಲ್ಕಾರಿನಲ್ಲಿ ಗ್ಯಾರೇಜು ಇಟ್ಟಿದ್ದ ಹಸನಬ್ಬ ನನ್ನ ಹಳೆಯ ಸ್ನೇಹಿತ. ಅವನನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ, "ಹೆಚ್ಚು ಪರೀಕ್ಷೆ ಬೇಡ ಮಾರಾಯ, ಮರ್ಯಾದೆಯ ಪ್ರಶ್ನೆ," ಎಂದು ಹೇಳಿಕೊಟ್ಟೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ಡಾಕ್ಟರ ಅಂಗಳಕ್ಕೆ ಕಾಲಿಟ್ಟವನೇ ಅಂಗಿ ಬಿಚ್ಚಿ ಬೇಲಿಗೆ ಹಾಕಿ, ಗೋಣಿ ಹಾಸಿ, ವ್ಯಾನಿನ ಅಡಿಗೆ ನುಗ್ಗಿದ.

ನಾನು ಡಾಕ್ಟರ ಮುಖ ನೋಡಲಾರದೆ ಅವರ ದಾಸವಾಳದ ಗಿಡವನ್ನು ಹೊಗಳತೊಡಗಿದೆ. ಅಡಿಯಿಂದ ಟಣ್ ಟಣ್ ಎಂಬ ಸದ್ದು. ಹಸನಬ್ಬ ವ್ಯಾನಿನ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಡಾಕ್ಟ್ರು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಚಕ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ಎಂತ ಕೇಳ್ತದೆ?" ಎಂದು ವಿಚಾರಿಸಿದರು.

"ಮೂರನೆಯ ಪಟ್ಟಿ ಒಡೆದಿದೆ ಡಾಕ್ಟ್ರೆ. ಗಟ್ಟಿ ಇದ್ದದ್ದು ಟಣ್ ಅಂತದೆ. ಇದು ಟಪ್ ಅಂತದೆ."

"ಇನ್ನೊಮ್ಮೆ ತಟ್ಟು ನೋಡುವ." ಕೇಳಿಸಿಕೊಂಡು ಡಾಕ್ಟ್ರು ತಲೆದೂಗಿದರು. "ಸರಿ. ನಾವೂ ಎದೆಯನ್ನು ಹೀಗೆಯೇ ತಟ್ಟುವುದು."

ದಾಸವಾಳದ ಹೊಗಳಿಕೆಗೆ ಗಿಡ ಒಂದನ್ನು ಬಿಟ್ಟರೆ ಕೇಳುಗರು ಉಳಿಯಲಿಲ್ಲ.

ಹಸನಬ್ಬ ಹೊರಬಂದು ವ್ಯಾನಿನ ಮುಂದಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟ. ಒಳ್ಳೆಯ ಗಾಡಿ ಒಮ್ಮೆ ಎದ್ದು ಸುಮ್ಮನಾಗಬೇಕಂತೆ. ಇದು ನಾಲ್ಕು ಸಲ ಎದ್ದು ಕೂತಿತು. ಸ್ಟೇರಿಂಗನ್ನು ಅರ್ಧ ಗೇಣು ತಿರುಗಿಸಿದರೂ ಚಕ್ರಗಳಿಗೆ ಸುದ್ದಿಯೇ ಮುಟ್ಟಲಿಲ್ಲ. ಕೊನೆಗೆ ಮೂವರೂ ರಸ್ತೆಗೆ ಹೋದೆವು. ಹಸನಬ್ಬ ಕೈ ಸಡಿಲಿಸಿದ ಕೂಡಲೇ ವ್ಯಾನು ಎಡಗಡೆಯ ಗದ್ದೆಯತ್ತ ಹೊರಟಿತು.

"ಸ್ವಲ್ಪ ಬಲಕ್ಕೆ ಹಿಡಿದುಕೊಳ್ಳಬೇಕು," ಎಂದರು ಡಾಕ್ಟ್ರು. "ಎಲ್ಲ ವ್ಯಾನೂ ಹಾಗೆಯೇ ಅಲ್ಲವಾ?"

"ಅಲ್ಲ ಡಾಕ್ಟ್ರೆ."

ಅವರ ಮುಖ ಸಣ್ಣದಾಯಿತು. "ಎಂಟು ವರ್ಷ ಹೆರಿಗೆ ನೋವಿನ ಹೆಂಗಸರನ್ನು ಇದರಲ್ಲೇ ಕೂರಿಸಿಕೊಂಡು ಹೋಗಿದ್ದೇನೆ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ರಿಪೇರಿಯಾಗದೆ ಇದನ್ನು ನಿನಗೆ ಕೊಡುವುದಿಲ್ಲ," ಎಂದರು. ಒಬ್ಬನೇ ಬಂದಿದ್ದರೆ ವ್ಯಾನಿನ ಬಣ್ಣವನ್ನು ಹೊಗಳಿ ಅದನ್ನು ಹಾಗೆಯೇ ಮನೆಗೆ ಓಡಿಸಿಕೊಂಡು ಹೋಗುತ್ತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಹದಿನೈದು ದಿನಗಳಲ್ಲಿ ಹಸನಬ್ಬ ಪಟ್ಟಿ ಬದಲಾಯಿಸಿ, ಸ್ಟೇರಿಂಗು ಬಿಗಿದು, ವ್ಯಾನನ್ನು ನೂಲು ಹಿಡಿದಷ್ಟು ನೇರ ಮಾಡಿದ. ಒಪ್ಪಿಸಿಕೊಡುವ ಮೊದಲು ಕೊನೆಯದಾಗಿ ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಡಾಕ್ಟ್ರು ತಾವೇ ಸ್ಟೇರಿಂಗು ಹಿಡಿದರು. ನಾವಿಬ್ಬರೂ ಪಕ್ಕದಲ್ಲಿ ಕೂತೆವು. ವ್ಯಾನು ನೂರು ಮಾರು ಹೋಗಿ, ನಿಧಾನವಾಗಿ, ಬಹಳ ಗಂಭೀರವಾಗಿ ರಸ್ತೆ ದಾಟಿ, ಬಲಗಡೆಯ ಗದ್ದೆಯ ಅಂಚಿಗೆ ಮೂಗು ತಾಗಿಸಿ ನಿಂತಿತು. ಗದ್ದೆಯಲ್ಲಿದ್ದ ಎಮ್ಮೆಯೊಂದು ನಮ್ಮನ್ನು ನೋಡಿತು.

"ಇನ್ನೂ ಸರಿಯಾಗಿಲ್ಲ," ಎಂದರು ಡಾಕ್ಟ್ರು.

"ವ್ಯಾನು ಸರಿಯಾಗಿದೆ ಡಾಕ್ಟ್ರೆ," ಎಂದ ಹಸನಬ್ಬ, ಎಮ್ಮೆಯನ್ನೇ ನೋಡುತ್ತ.

ಡಾಕ್ಟ್ರು ತಮ್ಮ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡರು. ಆಮೇಲೆ ನಕ್ಕ ನಗುವಿಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು.

ವ್ಯಾನು ಮನೆಗೆ ಬಂದ ದಿನ ಕಮಲ ಬಾಟ್ಲಿ ತೊಳೆಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಒಂದು ಸಂಶಯವನ್ನೂ ಕೇಳಿಯೇಬಿಟ್ಟೆ: "ನಾನೂ ಹೀಗೆ ಯಾವುದಾದರೂ ಕಡೆಗೆ ಎಳೆಯುತ್ತೇನಾ?"

ಅವಳು ತಲೆ ಎತ್ತಲಿಲ್ಲ. "ಎಳೆದರೂ ನನಗೆ ಹೇಗೆ ಗೊತ್ತಾಗಬೇಕು? ಮದುವೆಯಾಗಿ ಹದಿನಾಲ್ಕು ವರ್ಷವಾಯಿತಲ್ಲ," ಎಂದು ಇನ್ನೊಂದು ಬಾಟ್ಲಿಯನ್ನು ನೀರಿಗೆ ಅದ್ದಿದಳು.