ಐದು ತುಂಡು ಕರಿಬಟ್ಟೆ

ಕೆಲೆಬೊನೆ ಕಾಲೇಜಿಗೆ ಹೊರಟದ್ದು ತಾಯಿಯನ್ನು ಮಣ್ಣುಮಾಡಿದ ಮೂರನೆಯ ದಿನ. ಲೆಸೋಥೊದ ಬೆಟ್ಟಗಳಲ್ಲಿ ಹಾಗೆ ಯಾರೂ ಹೊರಡುವುದಿಲ್ಲ. ಸಾವಾದ ಮನೆಯವರು ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಬಾರದು. ನಾಲ್ಕು ಜನರ ನಡುವೆ ಸೇರಿ ಕೂಡಬಾರದು. ಆದರೆ ಗಡಿಯಾಚೆ, ದಕ್ಷಿಣ ಆಫ್ರಿಕಾದ ಶಿಕ್ಷಕಿಯರ ಕಾಲೇಜಿನವರು, ಬುಧವಾರದೊಳಗೆ ಬಂದು ಹೆಸರು ಬರೆಸದಿದ್ದರೆ ಜಾಗ ಬೇರೆಯವರದು ಎಂದು ಕಾಗದ ಬರೆದಿದ್ದರು. ಆ ಜಾಗಕ್ಕಾಗಿ ಎರಡು ವರ್ಷ ಬಿಡದೆ ಅರ್ಜಿ ಹಾಕಿಸಿದವಳು ಸತ್ತ ತಾಯಿಯೇ.

ಚಿಕ್ಕಪ್ಪ ಮೊಖೆಥಿ ಹಿರಿಯರನ್ನು ಕೂರಿಸಿಕೊಂಡು ಅರ್ಧ ದಿನ ಮಾತಾಡಿ ಒಂದು ದಾರಿ ಕಂಡುಕೊಂಡ. ಮೈತುಂಬ ಕರಿ ಉಡುಪು ಬೇಡವೆಂದಾಯಿತು. ಒಂದೇ ಬಟ್ಟೆಯಿಂದ ಹೆಬ್ಬೆರಳಗಲದ ಐದು ತುಂಡು ಕತ್ತರಿಸಿ, ಮನೆಯ ಐವರ ಎದೆಗೂ ಪಿನ್ನು ಹಾಕಿದರು. ಜೂನ್ ತಿಂಗಳ ಚಳಿರಜೆಯಲ್ಲಿ ಕುರಿ ಕಡಿಯುವುದು, ಐದು ತುಂಡುಗಳನ್ನೂ ಒಂದೇ ಬೆಂಕಿಗೆ ಹಾಕುವುದು, ಆಮೇಲೆ ಸೋದರತ್ತೆ ಎಲ್ಲರ ತಲೆಗೂ ನೀರು ಹಾಕುವುದು.

“ಐದು ಕತ್ತರಿಸಿದೀವಿ, ಐದೂ ಸುಡಬೇಕು,” ಎಂದ ಚಿಕ್ಕಪ್ಪ. “ಒಂದು ಕಮ್ಮಿಯಾದ್ರೆ ನಿಮ್ಮವ್ವ ದಾರೀಲೇ ನಿಂತ್ಕೋತಾಳೆ. ತಿಳೀತಾ ಮಗಳೇ?”

ಅವಳಿಗೆ ತಿಳಿದಿತ್ತು. ವ್ಯಾನಿನಲ್ಲಿ ಯಾರೂ ಹೇಳದೆಯೇ ಹೋಗಿ ಕಡೆಯ ಸೀಟಿನ ಮೂಲೆಯಲ್ಲಿ ಕುಳಿತಳು. ಗಡಿಯ ಮಸೇರು ಸೇತುವೆಯ ಬಳಿ ಮುದ್ರೆ ಒತ್ತುವ ಅಧಿಕಾರಿ ಅವಳ ಎದೆಯ ಮೇಲಿನ ತುಂಡನ್ನು ನೋಡಿ, ಪಾಸ್‌ಪೋರ್ಟನ್ನು ಕೈಗೆ ಕೊಡದೆ ಮೇಜಿನ ಮೇಲೆ ಜಾರಿಸಿದ. ಅವಳಿಗೆ ಬೇಸರವಾಗಲಿಲ್ಲ. ಅವನ ಜಾಗದಲ್ಲಿ ತಾನಿದ್ದರೂ ಹಾಗೆಯೇ ಮಾಡುತ್ತಿದ್ದಳು. ಸಾವು ಕಂಡವರ ಮೈಮೇಲೆ ಒಂದು ಕತ್ತಲೆ ಇರುತ್ತದೆ, ತಾಗಿದವರ ಕೆಲಸ ಕೆಡುತ್ತದೆ ಎಂಬುದು ಗಡಿಯ ಎರಡೂ ಕಡೆಯ ಸೋಥೊ ಜನರು ಹಾಲು ಕುಡಿಯುವಾಗಲೇ ಕಲಿತ ಮಾತು.

ಹಾಸ್ಟೆಲ್ಲಿನ ಮೇಲ್ವಿಚಾರಕಿ ಶ್ರೀಮತಿ ವೆರ್ಮಾಕ್ ಬಿಳಿಯ ಹೆಂಗಸು. ಬಟ್ಟೆಯ ತುಂಡನ್ನು ನೋಡಿ, ಯಾವ ಚರ್ಚಿನ ಗುರುತು ಇದು ಎಂದು ವಿಚಾರಿಸಿದಳು. ವಿವರಿಸುವ ಚೈತನ್ಯವಿಲ್ಲದೆ ಕೆಲೆಬೊನೆ ಯಾವುದೋ ಚರ್ಚಿನ ಹೆಸರು ಹೇಳಿದಳು. ಇಬ್ಬರಿರುವ ಕೋಣೆಯೊಂದರ ಬೀಗದ ಕೈ ಸಿಕ್ಕಿತು.

ಕೋಣೆಯಲ್ಲಿದ್ದ ಡಿಸೇಬೊ ಎರಡನೆಯ ವರ್ಷದವಳು, ಈ ಕಡೆಯ ಸೋಥೊ ಹುಡುಗಿ. ಅದೇ ಭಾಷೆ, ಅದೇ ನಗು. ಹೊಸಬಳನ್ನು ಕಂಡದ್ದೇ ಟೀ ಬೆರೆಸಿ, ಬ್ರೆಡ್ಡು ಕೊಯ್ಯತೊಡಗಿದಳು.

“ಬೆಟ್ಟದೋಳೇನೇ? ಬಾ, ಆ ಕಂಬಳಿ ತೆಗೆದಿಡು. ಇಲ್ಲಿ ಕಾಯೋಕೆ ಕುರಿಗಳಿಲ್ಲ, ನಾವೇ ಇರೋದು.”

ಕೆಲೆಬೊನೆ ನಾಲ್ಕು ದಿನಗಳ ಮೇಲೆ ಮೊದಲ ಸಲ ನಕ್ಕು, ಹೆಗಲ ಕಂಬಳಿ ತೆಗೆದಳು. ಡಿಸೇಬೊಳ ಕೈ ಬ್ರೆಡ್ಡಿನ ಮೇಲೆಯೇ ನಿಂತಿತು.

“ಯಾರು?”

“ಅವ್ವ.”

“ಯಾವಾಗ?”

“ಶನಿವಾರ ಮಣ್ಣಾಯ್ತು.”

ಡಿಸೇಬೊ ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು. ದೇವರು ಸಮಾಧಾನ ಕೊಡಲಿ ಎಂದಳು, ಮನಸ್ಸಿನಿಂದಲೇ ಅಂದಳು. ಆಮೇಲೆ ಹಾಸಿಗೆ ಸುತ್ತಿಕೊಂಡು ಎದುರು ಕೋಣೆಗೆ ಹೋದಳು. ಹೋದ ವರ್ಷ ಒಂದು ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಅದನ್ನು ಮತ್ತೆ ಬರೆಯಲು ಹತ್ತು ದಿನ ಉಳಿದಿತ್ತು. ಈ ಸಲವೂ ಹೋದರೆ ಕಾಲೇಜೇ ಹೋದಂತೆ.

ಮರುದಿನಕ್ಕೆ ಸುದ್ದಿ ಹಬ್ಬಿತು. ಊಟದ ಬೆಂಚಿನ ಮೇಲೆ ಕೆಲೆಬೊನೆಯ ಎರಡೂ ಪಕ್ಕ ಖಾಲಿಯಾದವು. ಅವಳು ಮುಖ ತೊಳೆದ ಬೋಗುಣಿಯನ್ನು ಇನ್ನೊಬ್ಬರು ಮುಟ್ಟಲಿಲ್ಲ. ಏನೂ ತಿಳಿಯದ ಜುಲು ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕುಳಿತು ಮುದ್ದೆ ಮುರಿದಳು. ಯಾರೋ ಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದರು. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಗುರುವಾರ ಶ್ರೀಮತಿ ವೆರ್ಮಾಕ್ ಕರೆಸಿದಳು. ಇದು ರೋಗವೇ, ಜಗಳವೇ, ತನಗೆ ತಿಳಿಯದು ಎಂದಳು. ಹನ್ನೊಂದು ಹುಡುಗಿಯರು ದೂರು ಕೊಟ್ಟಿದ್ದಾರೆ. ಒಬ್ಬರೇ ಇರುವ ಕೋಣೆ ತನ್ನಲ್ಲಿ ಇಲ್ಲ. ಶುಕ್ರವಾರ ಸಂಜೆಯೊಳಗೆ ಯಾರಾದರೂ ಜೊತೆಗಿರಲು ಒಪ್ಪದಿದ್ದರೆ ಹಾಸ್ಟೆಲ್ ಬಿಡಬೇಕು. ಹೊರದೇಶದ ಹುಡುಗಿಗೆ ಹಾಸ್ಟೆಲ್ ಇಲ್ಲದಿದ್ದರೆ ಕಾಲೇಜೂ ಇಲ್ಲ, ಅದು ನಿಯಮ.

ಕೆಲೆಬೊನೆ ಡಿಸೇಬೊಳನ್ನು ಹುಡುಕಿಕೊಂಡು ಹೋದಳು. ತುಂಡನ್ನು ರವಿಕೆಯ ಒಳಗಡೆ ಚುಚ್ಚಿಕೊಳ್ಳುತ್ತೇನೆ, ಯಾರಿಗೂ ಕಾಣುವುದಿಲ್ಲ ಎಂದು ಬೇಡಿಕೊಂಡಳು.

“ಕಾಣದಿದ್ರೂ ಇದ್ದೇ ಇರುತ್ತಲ್ಲೇ,” ಎಂದಳು ಡಿಸೇಬೊ ಬಾಗಿಲ ಸಂದಿಯಿಂದಲೇ. “ನಂಗೇನು ನಿನ್ನ ಮೇಲೆ ದ್ವೇಷನಾ? ತಲೆ ತೊಳ್ಕೊ, ಅದನ್ನ ಸುಟ್ಟುಬಿಡು. ಸಂಜೆಗೇ ನನ್ನ ಹಾಸಿಗೆ ತರ್ತೀನಿ. ನಿಮ್ಮೂರೋರು ಬಂದು ನೋಡ್ತಾರಾ?”

“ಚಿಕ್ಕಪ್ಪ ಎಣಿಸ್ತಾರೆ.”

“ಹಾಗಾದ್ರೆ ಚಿಕ್ಕಪ್ಪನ ಹತ್ರಾನೇ ಹೋಗಿ ಓದು.”

ಊರಿಗೆ ಫೋನು ಮಾಡಬಹುದಿತ್ತು. ಆದರೆ ಚಿಕ್ಕಪ್ಪ ಹೇಳುವ ಮಾತು ಅವಳಿಗೆ ಗೊತ್ತಿತ್ತು: ಬಂದುಬಿಡು. ಹೋದರೆ, ಎರಡು ವರ್ಷ ಅರ್ಜಿ ಹಾಕಿಸಿದವಳಿಗೆ ಗೋರಿಯ ಮುಂದೆ ನಿಂತು ಏನು ಹೇಳುವುದು?

ಶುಕ್ರವಾರ ಬೆಳಗ್ಗೆ ಬಚ್ಚಲಲ್ಲಿ ತನ್ನ ತಲೆಗೆ ತಾನೇ ತಣ್ಣೀರು ಸುರಿದುಕೊಂಡಳು. ಆಮೇಲೆ ಅಡಿಗೆಮನೆಯ ಹಿಂದೆ, ನೀರು ಕಾಯಿಸುವ ಒಲೆಯ ಮುಂದೆ ನಿಂತು ಪಿನ್ನು ಬಿಚ್ಚಿದಳು. ತುಂಡು ಬೆಂಕಿಗೆ ಬಿದ್ದು, ಮುದುಡಿ, ಹೋಯಿತು. ಬೂದಿ ತೆಗೆಯುತ್ತಿದ್ದ ಅಡಿಗೆಯ ಮುದುಕಿ ನೋಡಬಾರದ್ದನ್ನು ನೋಡಿದವಳಂತೆ ಮುಖ ತಿರುಗಿಸಿದಳು.

ಡಿಸೇಬೊ ಮಾತಿಗೆ ತಪ್ಪಲಿಲ್ಲ. ಸಂಜೆ ಹಾಸಿಗೆಯೊಂದಿಗೆ ಬಂದಳು. ಬ್ರೆಡ್ಡು ಕೊಯ್ದು ದಪ್ಪ ಹೋಳನ್ನೇ ಅವಳ ಕಡೆ ತಳ್ಳಿದಳು. ಊಟದ ಬೆಂಚೂ ತುಂಬಿತು. ಆದರೆ ಆ ತುಂಡಿನ ಮೇಲೆ ದೂರು ಕೊಟ್ಟ ಬಾಯಿಗಳೇ ಈಗ ಬೇರೆ ಹಾಡತೊಡಗಿದವು. ಇವಳು ಅವ್ವನ ದುಃಖವನ್ನು ಆರೇ ದಿನ ಹೊತ್ತಳು ಎಂದರು. ಬೆಟ್ಟದವರಿಗೆ ಕರುಳಿಲ್ಲ ಎಂದರು. ಡಿಸೇಬೊ ಅವರನ್ನು ಗದರಿಸಿ ಸುಮ್ಮನಾಗಿಸಿದಳು. ಕೋಣೆಗೆ ಬಂದ ಮೇಲೆ, ಪುಸ್ತಕದಿಂದ ತಲೆಯೆತ್ತದೆ, ಸಹಜವಾಗಿಯೇ ಅಂದಳು:

“ಬೇಜಾರು ಮಾಡ್ಕೋಬೇಡ್ವೇ. ನಾನಾಗಿದ್ರೆ ಮಾತ್ರ ತೆಗೀತಿರ್ಲಿಲ್ಲ.”

ಮುಂದಿನ ವಾರ ಡಿಸೇಬೊ ಪರೀಕ್ಷೆ ಬರೆದು ಪಾಸಾದಳು.

ಜೂನಿನಲ್ಲಿ ಊರಿಗೆ ಹೊರಡುವ ಮುಂಚೆ ಕೆಲೆಬೊನೆ ಪೇಟೆಯಲ್ಲಿ ಕರಿಬಟ್ಟೆ ಕೊಂಡು, ಹೆಬ್ಬೆರಳಗಲ ಕತ್ತರಿಸಿ, ಹೊಸದೆಂದು ಕಾಣದಂತೆ ನಾಲ್ಕು ಸಲ ಒಗೆದು ಚುಚ್ಚಿಕೊಂಡಳು. ಹಿಮ ಬಿದ್ದ ಅಂಗಳದಲ್ಲಿ ಕುರಿ ಕಡಿದರು. ಚಿಕ್ಕಪ್ಪ ತುಂಡುಗಳನ್ನು ಅಂಗೈಯ ಮೇಲೆ ಸಾಲಾಗಿಟ್ಟು ಎಣಿಸಿದ. ಐದೂ ಇದ್ದವು. ಅವಳದನ್ನು ಬೆರಳಲ್ಲಿ ತಿಕ್ಕಿ ನೋಡಿ, ಪಾಪ, ಮಗು ಎಷ್ಟು ಜೋಪಾನ ಮಾಡಿದೆ ಎಂದು ಬೆಂಕಿಗೆ ಹಾಕಿದ. ನೆರೆದ ಹೆಂಗಸರ ಮುಂದೆ ಅಜ್ಜಿ ಮೊಮ್ಮಗಳ ಮೊಣಕೈ ಹಿಡಿದುಕೊಂಡಳು.

“ನಿಮ್ಮ ಹೆಣ್ಣುಮಕ್ಕಳಿಗೆ ಹೇಳ್ರೇ. ಪರದೇಶದಲ್ಲಿ, ಗುರುತಿಲ್ಲದೋರ ನಡುವೆ ಒಬ್ಳೇ ಇದ್ಲು ಇವಳು. ಅವ್ವನ್ನ ಬಿಟ್ಟುಕೊಡ್ಲಿಲ್ಲ.”

ಹೆಂಗಸರು ಹೌದೆಂದು ನಾಲಿಗೆ ಲೊಚಗುಟ್ಟಿದರು. ಸೋದರತ್ತೆ ಚೊಂಬೆತ್ತಿದಳು. ಕೆಲೆಬೊನೆ ತಲೆ ಬಗ್ಗಿಸಿದಳು.